ಎಡಗೈ ಮುಷ್ಟಿಯ ಚೀಟಿ

ನನ್ನ ಮುಂಗೋಪದ ವಿಷಯ ಪೀಣ್ಯ ಎರಡನೇ ಹಂತದಲ್ಲಿ ಎಲ್ಲರಿಗೂ ಗೊತ್ತು. ಆದರೆ ಹತ್ತೊಂಬತ್ತು ವರ್ಷ ಕೂತ ಕುರ್ಚಿಯನ್ನು ಇನ್ನೊಬ್ಬರಿಗೆ ಕೊಡುತ್ತೇನೆ ಎಂದರೆ ಯಾರಿಗೆ ಕೋಪ ಬರುವುದಿಲ್ಲ ಹೇಳಿ?

ನಡೆದದ್ದು ಇಷ್ಟು. ನಮ್ಮದು ಸ್ಪ್ರಿಂಗ್ ಮಾಡುವ ಫ್ಯಾಕ್ಟರಿ. ಆರ್ಡರು, ಬಿಲ್ಲು, ಲಾರಿ ಎಲ್ಲವೂ ನನ್ನ ಕಂಪ್ಯೂಟರಿನಲ್ಲಿ. ಒಂದು ದಿನ 'ನಿಮ್ಮ ಪಾರ್ಸೆಲ್ ಗೋದಾಮಿನಲ್ಲಿ ನಿಂತಿದೆ, ಇಲ್ಲಿ ಒತ್ತಿ' ಎಂದು ಮೇಲ್ ಬಂತು. ಒತ್ತಿದೆ. ಅದು ಕಳ್ಳ ಮೇಲ್, ಕಂಪ್ಯೂಟರ್ ಲಾಕ್ ಆಗಿ ಎರಡು ದಿನ ಫ್ಯಾಕ್ಟರಿ ಮಲಗಿಬಿಟ್ಟಿತು. ಮಾಲೀಕರಾದ ಶೇಖರಪ್ಪನವರು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

"ಶಶಿಕಲಾ, ಶುಕ್ರವಾರ ಜಾಲಹಳ್ಳೀಲಿ ಕಂಪ್ಯೂಟರ್ ಸೆಕ್ಯೂರಿಟಿ ಸಮ್ಮೇಳನ ಇದೆಯಂತೆ, ಹೋಗಮ್ಮ," ಎಂದರು ಮೆಲ್ಲಗೆ. "ಸರ್ಟಿಫಿಕೇಟ್ ತಂದ್ರೆ ಕುರ್ಚಿ ನಿಂದು. ಇಲ್ಲಾಂದ್ರೆ ನಮ್ಮ ಅಂಜನ್ ಕೂತ್ಕೋತಾನೆ, ನೀನು ಪ್ಯಾಕಿಂಗ್ ನೋಡ್ಕೋ."

ಅಂಜನ್ ಅವರ ತಂಗಿಯ ಮಗ. ಸ್ಪ್ರಿಂಗಿಗೂ ಸ್ಕ್ರೂವಿಗೂ ವ್ಯತ್ಯಾಸ ತಿಳಿಯದ ಭೂಪ. ಅವನು ನನ್ನ ಕುರ್ಚಿಯಲ್ಲಿ ಕೂರುವುದನ್ನು ನೆನೆದರೇ ಹೊಟ್ಟೆ ಉರಿಯುತ್ತಿತ್ತು.

ದೊಡ್ಡ ಹೋಟೆಲುಗಳಲ್ಲಿ ನಡೆಯುವ ಸಮ್ಮೇಳನಗಳಿಗೆ ನಮ್ಮಂಥವರು ಕಾಲಿಡುವ ಹಾಗಿಲ್ಲ. ಇದು ಬಡವರ ಸಮ್ಮೇಳನ, ಆದ್ದರಿಂದ ಕಲ್ಯಾಣ ಮಂಟಪದಲ್ಲಿತ್ತು. ಹಿಂದಿನ ದಿನದ ಮದುವೆಯ ಹೂವಿನ ಕಮಾನನ್ನು ಯಾರೂ ಬಿಚ್ಚಿರಲಿಲ್ಲ. 'ಭಾಗ್ಯಶ್ರೀ – ಮುನಿರಾಜು' ಎಂಬ ಥರ್ಮೋಕೋಲ್ ಅಕ್ಷರಗಳ ಕೆಳಗೆ, ಮದುಮಗನ ಕೆಂಪು ಕುರ್ಚಿಯಲ್ಲಿ, ತರಬೇತುದಾರ ಪರಮಾನಂದ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ನಲವತ್ತರ ಆಸುಪಾಸು, ಗಡ್ಡ, ಕಪ್ಪು ಟೀ ಶರ್ಟು.

ನಲವತ್ತು ಜನರಿಗೂ ಒಂದೊಂದು ಚೀಟಿ ಹಂಚಿದರು. "ಇದೇ ನಿಮ್ಮ ಪಾಸ್‌ವರ್ಡ್ ಅಂದ್ಕೊಳ್ಳಿ," ಎಂದರು. "ಇದನ್ನ ಕದಿಯೋಕೆ ನಮ್ಮ ಕಳ್ಳರು ಇಲ್ಲೇ ಓಡಾಡ್ತಿರ್ತಾರೆ. ಸಂಜೆ ಐದಕ್ಕೆ ಚೀಟಿ ನಿಮ್ಮ ಕೈಲಿದ್ರೆ ಸರ್ಟಿಫಿಕೇಟು. ಇಲ್ದಿದ್ರೆ ಬರೀ ಊಟ." ಆಮೇಲೆ ಲ್ಯಾಪ್‌ಟಾಪನ್ನು ತಟ್ಟಿ, "ಇದನ್ನ ತೆರೆಯೋರು ಇನ್ನೂ ಹುಟ್ಟಿಲ್ಲ. ತೆರೆದೋರಿಗೆ ಚೀಟಿ ಇಲ್ದಿದ್ರೂ ಸರ್ಟಿಫಿಕೇಟ್ ಕೊಡ್ತೀನಿ," ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಚೀಟಿಯನ್ನು ಎಡಗೈಯಲ್ಲಿ ಮುಚ್ಚಿ ಮುಷ್ಟಿ ಕಟ್ಟಿದೆ. ಪರ್ಸಿನಲ್ಲಿಟ್ಟರೆ ಪರ್ಸೇ ಹೋಗಬಹುದು, ಕೈ ಎಲ್ಲಿಗೆ ಹೋಗುತ್ತದೆ?

ಕಳ್ಳರು ಬಂದರು. "ಮೇಡಂ, ರಿಜಿಸ್ಟರ್‌ಗೆ ನಿಮ್ಮ ಚೀಟಿ ನಂಬರ್ ಬೇಕಿತ್ತು," ಎಂದ ಒಬ್ಬ. "ನಿನ್ನ ಮನೆ ಬೀಗದ ಕೈ ಕೊಡು, ಆಮೇಲೆ ಹೇಳ್ತೀನಿ," ಎಂದೆ. ನೀರಿನ ಹತ್ತಿರ ವೇಣಿ ಎನ್ನುವ ಹುಡುಗಿ, "ಅಕ್ಕ, ನಿಮ್ದೂ ನಂದೂ ಒಂದೇನಾ ನೋಡೋಣ್ವಾ?" ಎಂದಳು. ಅವಳನ್ನು ನೀರು ಕುಡಿಯಲೂ ಬಿಡದೆ ಓಡಿಸಿದೆ. ಏಣಿ ಹೊತ್ತು ಫ್ಯಾನ್ ರಿಪೇರಿಗೆ ಬಂದ ಗಂಗಪ್ಪನನ್ನು ಗೇಟಿನವರೆಗೆ ಅಟ್ಟಿಬಂದೆ. ಅವನು ನಿಜವಾದ ಎಲೆಕ್ಟ್ರಿಷಿಯನ್ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವನು ಕೋಪಿಸಿಕೊಂಡು ಮನೆಗೆ ಹೋಗಿದ್ದ. ಇಡೀ ಸಮ್ಮೇಳನ ಬೆವರಿತು.

ಊಟಕ್ಕೆ ಹೋಳಿಗೆ ಇತ್ತು. ಎಡಗೈ ಊಟಕ್ಕೆ ಹೇಗೂ ಬೇಡ, ಮುಷ್ಟಿ ಬಿಚ್ಚದೆಯೇ ಮೂರು ಹೋಳಿಗೆ ತಿಂದೆ. ಅಕ್ಕಪಕ್ಕದವರೆಲ್ಲ ಚೀಟಿ ಕಳೆದುಕೊಂಡು ಪೆಚ್ಚುಮೋರೆ ಹಾಕಿದ್ದರು. ಸತ್ಯ ಹೇಳುತ್ತೇನೆ, ನನಗೆ ಬಹಳ ಜಂಬ ಬಂದಿತ್ತು.

ಕೈತೊಳೆದು ಬರುವಾಗ ಬಾಗಿಲ ಹತ್ತಿರ ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ತಟ್ಟೆ ಹಿಡಿದು ನಿಂತಿದ್ದರು. ಅರಿಶಿನ, ಕುಂಕುಮ, ವೀಳ್ಯದೆಲೆ, ಬಾಳೆಹಣ್ಣು, ರವಿಕೆ ಕಣ. ಹೆಸರು ನಾಗಲಕ್ಷ್ಮಮ್ಮ ಅಂತೆ. "ಶುಕ್ರವಾರ, ಊಟ ಮಾಡಿದ ಮುತ್ತೈದೆ ಅಂಗೇ ಓಗ್ಬಾರ್ದು ಕಣವ್ವ. ಬಾ, ಸೆರಗೊಡ್ಡು."

ಶುಕ್ರವಾರ ಮಡಿಲಿಗೆ ಬರುವ ತಾಂಬೂಲವನ್ನು ಬೇಡ ಎನ್ನುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಸೆರಗು ಒಡ್ಡಲು ಎರಡೂ ಕೈ ಬೇಕು. ಚೀಟಿಯನ್ನು ಅವರ ತಟ್ಟೆಯ ಅಂಚಿನಲ್ಲಿಟ್ಟು ಸೆರಗು ಒಡ್ಡಿದೆ. ತಾಂಬೂಲ ತೆಗೆದುಕೊಂಡ ಮೇಲೆ ನಾನೂ ಅವರಿಗೆ ಕುಂಕುಮ ಇಟ್ಟೆ, ಕಾಲಿಗೆ ನಮಸ್ಕರಿಸಿದೆ. ಅಷ್ಟಾದ ಮೇಲೆ ಮಾತಾಡದೆ ಹೋಗಲಾಗುತ್ತದೆಯೇ? ಯಾವ ಊರು, ಎಷ್ಟು ಮಕ್ಕಳು ಎಂದೆಲ್ಲ ಕೇಳಿದೆ. ಬೇಗೂರು, ಒಬ್ಬನೇ ಮಗ, ಎಂಬತ್ತನಾಲ್ಕರ ಯುಗಾದಿ ದಿನ ಹುಟ್ಟಿದ್ದಂತೆ.

"ಚಿಕ್ಕೋನಾಗಿದ್ದಾಗ ಒಂದು ಕುರಿಮರಿ ಸಾಕಿದ್ದ, ರಂಗಿ ಅಂತ," ಎಂದರು. "ನೆಂಟ್ರು ಬಂದಾಗ ಅವರಪ್ಪ ಅದನ್ನೇ ಕುಯ್ದುಬಿಟ್ರು. ಒಂದು ವಾರ ಅನ್ನ ಮುಟ್ಲಿಲ್ಲ ಕಣವ್ವ. ಈಗ್ಲೂ ಎದ್ರೂ ಕೂತ್ರೂ ರಂಗೀನೇ."

ನನಗೂ ಕಣ್ಣು ತೇವವಾಯಿತು. ಅವರು ಹೋದರು, ನಾನು ಬಂದು ಕೂತೆ. ಬಾಳೆಹಣ್ಣು ಸುಲಿಯಲು ಎರಡೂ ಕೈ ಸಲೀಸಾಗಿ ಬಂದಾಗಲೇ ಚೀಟಿಯ ನೆನಪಾಯಿತು.

ಮಂಟಪವೆಲ್ಲ ಹುಡುಕಿದೆ, ನಾಗಲಕ್ಷ್ಮಮ್ಮ ಎಲ್ಲೂ ಇಲ್ಲ. ಕಂಡದ್ದು ಸಂಜೆ ಐದಕ್ಕೆ, ವೇದಿಕೆಯ ಮೇಲೆ, ಮದುಮಗಳ ಕುರ್ಚಿಯಲ್ಲಿ.

"ಮೂವತ್ತೊಂಬತ್ತು ಚೀಟಿ ಊಟಕ್ಕೆ ಮುಂಚೆನೇ ಸಿಕ್ಕಿದ್ವು," ಎಂದರು ಪರಮಾನಂದ. "ನಲವತ್ತನೇದು ಶಶಿಕಲಾ ಮೇಡಂದು. ಅವರಿಗೆ ನಮ್ಮ ಹುಡುಗ್ರು ಯಾರೂ ಸಾಕಾಗ್ಲಿಲ್ಲ. ಅದಕ್ಕೆ ನಮ್ಮಮ್ಮನ್ನ ಕಳಿಸ್ದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ವೇಣಿ ಶಿಳ್ಳೆಯನ್ನೇ ಹೊಡೆದಳು. ನನಗೆ ಅಂಜನ್ ನನ್ನ ಕುರ್ಚಿಯಲ್ಲಿ ಗರಗರ ಸುತ್ತುವುದು ಕಣ್ಣಿಗೆ ಕಟ್ಟಿತು. ಅಳು ಬಂತು, ಅದರ ಹಿಂದೆಯೇ ಕೋಪ ಬಂತು, ಕೋಪದ ಹಿಂದೆ ಬುದ್ಧಿ ಬಂತು. ನಮ್ಮಮ್ಮ ಅಂದರಲ್ಲ!

ದಡದಡ ವೇದಿಕೆ ಹತ್ತಿದೆ. "ಬೆಳಿಗ್ಗೆ ಕೊಟ್ಟ ಮಾತು ನೆನಪಿದ್ಯಾ ಸಾರ್?" ಎಂದು ಅವರ ಲ್ಯಾಪ್‌ಟಾಪ್ ಎಳೆದುಕೊಂಡೆ. ಇಂಗ್ಲಿಷಿನಲ್ಲಿ ರಂಗಿ ಎಂದು ಬರೆದು ಮುಂದೆ ಎಂಬತ್ತನಾಲ್ಕು ಹಾಕಿದೆ. ತೆರೆಯಲಿಲ್ಲ. ಪರಮಾನಂದ ನಕ್ಕರು, ಆದರೆ ಆ ನಗುವಿನಲ್ಲಿ ಬೆಳಗಿನ ಗತ್ತಿರಲಿಲ್ಲ. ಸಾವಿರದ ಒಂಬೈನೂರ ಎಂಬತ್ತನಾಲ್ಕು ಎಂದು ಪೂರ್ತಿ ಹಾಕಿದೆ.

ವೇದಿಕೆಯ ಹಿಂದಿನ ಪ್ರೊಜೆಕ್ಟರ್ ಪರದೆಯ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡಿತು. ಪರದೆಯ ತುಂಬ ಒಂದು ಕುರಿಮರಿಯ ಹಳೆಯ ಫೋಟೊ.

"ಅಮ್ಮಾ! ರಂಗಿ ವಿಷ್ಯ ಹೇಳ್ಬಿಟ್ಯಾ?"

"ಯಾಕೆ, ಏಳ್ಬಾರ್ದಿತ್ತಾ?" ಎಂದರು ನಾಗಲಕ್ಷ್ಮಮ್ಮ. "ಪ್ರೀತಿಯಿಂದ ಕೇಳಿದ್ಲು, ಏಳ್ದೆ."

ಆ ದಿನ ಮಂಟಪದಲ್ಲಿ ಕೊಟ್ಟದ್ದು ಒಂದೇ ಸರ್ಟಿಫಿಕೇಟು.

ಶನಿವಾರ ಬೆಳಿಗ್ಗೆ ಅದನ್ನು ಶೇಖರಪ್ಪನವರ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿ, ನನ್ನ ಕುರ್ಚಿಯಲ್ಲಿ ಕೂತೆ. ಮೊದಲು ಮಾಡಿದ ಕೆಲಸ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿದ್ದ ಪಾಸ್‌ವರ್ಡ್ ಬದಲಾಯಿಸಿದ್ದು. "ಹೊಸದು ಏನಮ್ಮ?" ಎಂದು ಕೇಳಿದರು. "ಹೇಳಲ್ಲ ಸಾರ್," ಎಂದೆ. ಅವರ ಮುಖ ಸಪ್ಪಗಾಯಿತು. ವಾರವೆಲ್ಲ ನನ್ನ ಮೇಜಿನ ಸುತ್ತ ಸುಳಿದಾಡಿದರು.

ಮುಂದಿನ ಶುಕ್ರವಾರ ಅವರ ಹೆಂಡತಿ ದೇವಕ್ಕ ಆಫೀಸಿಗೆ ಬಂದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಕೈಯಲ್ಲಿ ಕುಂಕುಮದ ತಟ್ಟೆ. "ತಗೋ ಶಶಿಕಲಾ, ಸೆರಗೊಡ್ಡು," ಎಂದರು. ಆಮೇಲೆ ಅತ್ತಿತ್ತ ನೋಡಿ, "ಚಿಕ್ಕೋಳಾಗಿದ್ದಾಗ ನೀನು ಕುರಿಮರಿ ಏನಾದ್ರೂ ಸಾಕಿದ್ಯೇನಮ್ಮ?"

ಮೊದಲು ಕಂಪ್ಯೂಟರ್ ಲಾಕ್ ಮಾಡಿದೆ, ಆಮೇಲೆ ಎರಡೂ ಕೈಯಲ್ಲಿ ಸೆರಗು ಒಡ್ಡಿದೆ.

"ಇಲ್ಲ ಅಕ್ಕ," ಎಂದೆ ಪ್ರೀತಿಯಿಂದ. "ನಿಮ್ಮ ಯಜಮಾನ್ರು ಚಿಕ್ಕೋರಾಗಿದ್ದಾಗ ಏನು ಸಾಕಿದ್ರು?"