ಮಾವಿನಮರಕ್ಕೆ ಜಾಮೀನು

ಮಾರಂಡಹಳ್ಳಿಯ ಆಚೆ, ಚಿನ್ನಕ್ಕನ ಹೊಲದಲ್ಲಿ ಒಂದು ಮಲಗೋವ ಮಾವಿನಮರವಿತ್ತು. ಊರಿಗೇ ನೆರಳಾಗುವಷ್ಟು ಬೆಳೆದಿತ್ತು, ಒಂದೇ ಒಂದು ಕಾಯಿ ಬಿಟ್ಟಿರಲಿಲ್ಲ. ಇಂಥ ಮರಕ್ಕೆ ಆ ಕಡೆ ಒಂದು ಮದ್ದಿದೆ, ಹೆದರಿಸುವುದು. ಕಾರ್ತಿಕ ಕಳೆದೊಡನೆ ಚಿನ್ನಕ್ಕನ ತಮ್ಮ ಕುಪ್ಪಸ್ವಾಮಿ ಬುಡಕ್ಕೆ ಕೊಡಲಿಯಿಂದ ಒಂದೇಟು ಹಾಕಿ, "ಗೊಡ್ಡು ಮರ! ಇವತ್ತು ಕಡಿದಾಕ್ತೀನಿ!" ಎಂದು ಅಬ್ಬರಿಸಬೇಕು. ಚಿನ್ನಕ್ಕ ಓಡಿ ಬಂದು ಅವನ ಕೈ ಹಿಡಿಯಬೇಕು.

"ಬ್ಯಾಡ ಕಣಪ್ಪಾ, ಬಿಟ್ಬುಡು. ಬರೋ ವರ್ಸ ಕೊಡ್ತೈತೆ. ಅದಕ್ಕೆ ನಾನು ಜಾಮೀನು."

ಮಿಕ್ಕವರಿಗೆ ಇದು ಆಟ. ಕೊಟ್ಟ ಮಾತಿಗೆ ಎಂದೂ ತಪ್ಪದ ಚಿನ್ನಕ್ಕನಿಗೆ ಆಟವಲ್ಲ. ಮರ ಮಾತ್ರ ವರ್ಷ ವರ್ಷವೂ ಅವಳ ಮಾನ ಕಳೆಯಿತು. ಕೊನೆಗೆ ಅದೇ ಊರ ಗಾದೆಯಾಯಿತು. ಈಗ ಬಸ್ಸು ಬರುತ್ತದೆ ಎಂದು ಯಾರಾದರೂ ಅಂದರೆ ಸಾಕು, "ಬತ್ತೈತೆ ಬತ್ತೈತೆ, ಚಿನ್ನಕ್ಕನ ಮಾವಿನಣ್ಣು ಬಂದಂಗೆ!" ಅವಳೂ ಜೊತೆಗೆ ನಗುತ್ತಿದ್ದಳು. ಆಮೇಲೆ ಹೊಲಕ್ಕೆ ಹೋಗಿ ಮರದ ಬುಡಕ್ಕೆ ಇನ್ನೊಂದು ಕೊಡ ನೀರು ಹೊಯ್ಯುತ್ತಿದ್ದಳು.

ಈ ವರ್ಷ ಮರ ನಿಂತಲ್ಲೇ ಒಣಗಿತು. ಕುಪ್ಪಸ್ವಾಮಿ ನಿಜವಾಗಿಯೇ ಕಡಿದ. ಸೇಲಂ ರಸ್ತೆಯಲ್ಲಿ ಸೌದೆಯಿಂದ ಕರೆಂಟು ತೆಗೆಯುವ ಕಾರ್ಖಾನೆಗೆ ಟ್ರಾಕ್ಟರು ಹೊರಟಾಗ ಚಿನ್ನಕ್ಕನೂ ಹತ್ತಿ ಕೂತಳು. ಜಾಮೀನು ನಿಂತವಳು ಕಡೆತನಕ ಜೊತೆಗಿರಬೇಡವೇ?

"ಸಾವಿಗೆ ಬಂದಂಗೆ ಬತ್ತೀಯಲ್ಲಕ್ಕಾ," ಎಂದ ತಮ್ಮ.

ಕಾರ್ಖಾನೆಯಲ್ಲಿ ಯಂತ್ರದ ಬಾಯಿಗೆ ಬಿದ್ದ ಮರ ನೋಡನೋಡುತ್ತಲೇ ಚೂರುಚೂರಾಗಿ, ಓಡುವ ಪಟ್ಟೆಯೇರಿ ಮೇಲಕ್ಕೆ ಹೋಯಿತು. ಇಂಜಿನಿಯರ್ ವನಿತಾ ಪೆನ್ನಾಗರಂ ಕಡೆಯ ಹುಡುಗಿ, ಮಾತಿನಲ್ಲಿ ತಮಿಳು ಬೆರೆಯುತ್ತಿತ್ತು. ಚಿನ್ನಕ್ಕನ ಸೆರಗಿನ ಮೇಲೇ ಹೆಲ್ಮೆಟ್ ಕೂರಿಸಿ, ಬಾಯ್ಲರಿನ ಕಿಂಡಿಗೆ ಕರೆದೊಯ್ದು ಕಪ್ಪು ಗಾಜು ಕೊಟ್ಟಳು. "ಪಾರುಂಗಮ್ಮಾ, ಇದ್ರಲ್ಲಿ ನೋಡಿ."

ಚಿನ್ನಕ್ಕ ನೋಡಿದಳು. ಬುದ್ಧಿ ಬಂದಾಗಿನಿಂದ ಒಲೆ ಊದಿ ಕಣ್ಣು ಕೆಂಪು ಮಾಡಿಕೊಂಡವಳು ಅವಳು. ಬೆಂಕಿಯೆಂದರೆ ಏನೆಂದು ತನಗೆ ಗೊತ್ತು ಅಂದುಕೊಂಡಿದ್ದಳು. ಏನೂ ಗೊತ್ತಿರಲಿಲ್ಲ. ಒಳಗೆ ಮನೆಗಿಂತ ಎತ್ತರದ ಬೆಂಕಿ. ಹೊಗೆಯಿಲ್ಲ, ಬರೀ ಬೆಳಕು. ಚೂರುಗಳು ಬೀಳುತ್ತಿದ್ದವು, ಬಿದ್ದವು ಬೆಳಕೇ ಆಗಿಬಿಡುತ್ತಿದ್ದವು. ಅವಳ ಕೈ ತಾನಾಗಿ ಮುಗಿಯಿತು.

"ಈ ಬೆಂಕೀಲಿ ನೀರು ಆವಿ ಆಗ್ತೈತೆ, ಆವಿ ಚಕ್ರ ತಿರುಗಿಸ್ತೈತೆ," ಎಂದು ವನಿತಾ ಪಕ್ಕದ ಕಟ್ಟಡಕ್ಕೆ ಕರೆದೊಯ್ದಳು. ಅಲ್ಲಿ ತಿರುಗುವುದೇನೂ ಕಣ್ಣಿಗೆ ಕಾಣಲಿಲ್ಲ. ಒಂದೇ ಸಮನೆ ಮೊರೆತ, ಅಂಗಾಲಿನ ಕೆಳಗೆ ನೆಲದ ನಡುಕ.

"ಇದು ನಮ್ಮ ಮರಾನಾ?" ಚಿನ್ನಕ್ಕ ಪಿಸುಗುಟ್ಟಿದಳು.

"ನಿಮ್ದೂ ಐತೆ, ತೆಂಗಿನ ಮಟ್ಟೇನೂ ಐತೆ, ಮರದ ಮಿಲ್ಲಿನ ಪುಡೀನೂ ಐತೆ. ಕರೆಂಟಾದ ಮೇಲೆ ಯಾವ್ದು ಯಾರ್ದು ಅಂತ ಏಳಕಾಗಲ್ಲಮ್ಮಾ."

"ಎಲ್ಲಿಗೆ ಓಗ್ತೈತೆ?"

"ಎಲ್ಲಾ ಕಡೇಗೂ. ನಿಮ್ಮೂರಿಗೂ."

ತಾನೂ ಕಪ್ಪು ಗಾಜು ಹಿಡಿದು ನಿಂತಿದ್ದ ಕುಪ್ಪಸ್ವಾಮಿ ಕಿಂಡಿ ಬಿಟ್ಟು ಬರಲು ಬಹಳ ಹೊತ್ತಾಯಿತು. ವಾಪಸು ಬರುತ್ತ ಊರ ದಿಣ್ಣೆ ಹತ್ತುವಾಗ ಹೊತ್ತು ಮುಳುಗಿತ್ತು. ಕೆಳಗೆ ಚಹಾದಂಗಡಿಯಲ್ಲಿ, ಬಸ್‌ಸ್ಟಾಪಿನಲ್ಲಿ, ಮನೆಮನೆಯಲ್ಲಿ ದೀಪಗಳು ಹತ್ತಿಕೊಳ್ಳುತ್ತಿದ್ದವು. ಅವನು ಟ್ರಾಕ್ಟರು ನಿಲ್ಲಿಸಿದ.

"ನೋಡಕ್ಕಾ," ಅಂದ. "ಕಾಯಿ ಬಿಟ್ಟೈತೆ."

ಚಿನ್ನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾನೇಳಿದ್ರೆ ಯಾರ್ಲಾ ನಂಬ್ತಾರೆ? ನೀನೇ ಏಳ್ಬೇಕು."

"ಏಳ್ತೀನಿ," ಎಂದ ಕೊಡಲಿಯವನು. "ಅದಕ್ಕೆ ನಾನು ಜಾಮೀನು."