ಗೋಡೆಗೆ ಮುಖ ಮಾಡಿದ ಮಿಷನ್

ನಗು ಬಿಸಿಯಾಗಿದ್ದಾಗಲೇ ಸಿಗಬೇಕು. ಆರಿದ ಮೇಲೆ ತಂದು ಬಡಿಸಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಕಾಲರ್ ಅಕ್ಕನಿಗೆ ಹನ್ನೊಂದು ವರ್ಷದಿಂದ ಆರಿದ ನಗುವೂ ಸಿಕ್ಕಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದುದು ಸಮವಸ್ತ್ರ ಹೊಲಿಯುವ ಒಂದು ಉದ್ದನೆಯ ಕೋಣೆಯಲ್ಲಿ. ಹತ್ತು ಮಿಷನ್, ನಡುವೆ ಕಟಿಂಗ್ ಮಾಸ್ತರು ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಮೂಲೆಯಲ್ಲಿ ಇಸ್ತ್ರಿ. ಒಬ್ಬರು ತೋಳು ಹೊಲಿದರೆ ಇನ್ನೊಬ್ಬರು ಜೇಬು. ಗುಂಡಿ, ಕಾಜಾದ ಕೆಲಸ ಮಾಡುವವಳು ಗುಂಡಿಯಮ್ಮ. ಕಾಲರ್ ಹೊಲಿಯುವವಳು ಕಾಲರ್ ಅಕ್ಕ. ಕಾಲರಿನ ಎರಡು ಮೂಲೆಯನ್ನೂ ಒಂದೇ ಸಮ ತಿರುಗಿಸುವುದು ಎಲ್ಲರ ಕೈಗೂ ಹತ್ತುವ ವಿದ್ಯೆಯಲ್ಲ. ಅವಳು ಹೊಲಿದ ಕಾಲರನ್ನು ಮಡಚಿ ಹಿಡಿದರೆ ಒಂದು ಎಳೆಯಷ್ಟೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ.

ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರವೊಂದು ಅವಳ ಕಿವಿಯನ್ನು ಕೊಂಡುಹೋಗಿತ್ತು. ಮಾತನ್ನು ಉಳಿಸಿ ಹೋಗಿತ್ತು. ಆದರೆ ಬೀದಿಯ ಮಕ್ಕಳು ಅವಳ ದನಿ ಕೇಳಿ, ತಗಡು ಬಡಿದ ಹಾಗಿದೆ ಎಂದು ಆಡಿಕೊಂಡದ್ದನ್ನು ಅವರ ತುಟಿಯಲ್ಲೇ ಓದಿದ್ದಳು. ಅಂದಿನಿಂದ ಮನೆಯಾಚೆ ಬಾಯಿಗೆ ಬೀಗ. ಮಾತೇನಿದ್ದರೂ ಮನೆಯಲ್ಲಿ, ತಂಗಿಯ ಜೊತೆ. ಕೆಲಸದ ಕಡೆ ಕೈಸನ್ನೆ, ಇಲ್ಲವೇ ಒಂದು ಚೀಟಿ ಮತ್ತು ಪೆನ್ಸಿಲ್ಲು.

ಸೇರಿದ ದಿನವೇ ಅವಳ ಮಿಷನ್ ಅನ್ನು ಕೊನೆಯಲ್ಲಿ, ಗೋಡೆಗೆ ಮುಖ ಮಾಡಿ ಹಾಕಿಸಿದ್ದರು. ಉಳಿದವರು ಎದುರುಬದುರು ಕೂತು ಹರಟಬೇಕಲ್ಲ. ಮಾತಾಡದವಳಿಗೆ ಎದುರು ಯಾಕೆ? ಎಂಥ ಬುದ್ಧಿವಂತಿಕೆ! ಹೀಗಾಗಿ ಹನ್ನೊಂದು ವರ್ಷ ಅವಳು ನೋಡಿದ್ದು ಸುಣ್ಣ ಬಳಿದ ಗೋಡೆ. ಎಂದಾದರೂ ದಾರ ಮುಗಿದು ಹಿಂದಿರುಗಿ ನೋಡಿದರೆ ಕೋಣೆಯೆಲ್ಲ ಬಿದ್ದು ಬಿದ್ದು ನಗುತ್ತಿರುತ್ತಿತ್ತು. ಏನು ಎಂದು ಅವಳು ಗಲ್ಲ ಎತ್ತುತ್ತಿದ್ದಳು. ಗುಂಡಿಯಮ್ಮ ಕಣ್ಣೊರೆಸಿಕೊಂಡು, “ಏನಿಲ್ಲ ಕಣೆ, ಆಮೇಲೆ ಹೇಳ್ತೀನಿ” ಎನ್ನುತ್ತಿದ್ದಳು. ಆ ಆಮೇಲೆ ಎಂಬುದು ಬರುತ್ತಲೇ ಇರಲಿಲ್ಲ.

ನಗುವಿನ ಸದ್ದು ಅವಳಿಗೆ ಗೊತ್ತಿತ್ತು. ಅದೇ ಕಷ್ಟ. ಹುಟ್ಟಿನಿಂದ ಕೇಳದಿದ್ದರೆ ಏನು ಕಳೆಯಿತೆಂದು ತಿಳಿಯುತ್ತಿರಲಿಲ್ಲವೇನೋ. ಅವಳ ಅಮ್ಮ ನಕ್ಕರೆ ಪಕ್ಕದ ಮನೆಯವರು ಕಿಟಕಿ ತೆರೆಯುತ್ತಿದ್ದರು. ಚಿಕ್ಕಮ್ಮಂದಿರೆಲ್ಲ ಸೇರಿದರಂತೂ ಮನೆಯ ಪಾತ್ರೆಗಳೂ ನಗುತ್ತಿದ್ದವು. ಹಾಸಿಗೆಯಲ್ಲಿ ಮಲಗಿ ಅವಳು ಆ ಸದ್ದನ್ನು ನೆನಪಿನಿಂದ ಎಬ್ಬಿಸಿ, ಗುಂಡಿಯಮ್ಮನ ಬಾಯಿಗೆ, ಕಟಿಂಗ್ ಮಾಸ್ತರ ಬಾಯಿಗೆ ಕೂಡಿಸಿ ನೋಡುತ್ತಿದ್ದಳು. ಸದ್ದು ಕೂಡುತ್ತಿತ್ತು, ಕಾರಣ ಸಿಗುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಕೋಣೆಯ ಉಸ್ತುವಾರಿಗೆ ಹೊಸ ಮೇಡಂ ಬಂದರು. ಒಳ್ಳೆಯ ಹೆಂಗಸು, ಕೈಯಲ್ಲಿ ಸದಾ ಒಂದು ಪಟ್ಟಿ. ಊರುಗೋಲು ಹಿಡಿದು ಬರುವ ಇಸ್ತ್ರಿಯವನಿಗಾಗಿ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಿದರು, ಶೌಚಾಲಯದ ಗೋಡೆಗೆ ಹಿಡಿಕೆ ಹಾಕಿಸಿದರು. ಕಾಲರ್ ಅಕ್ಕನಿಗಾಗಿ ಗಂಟೆಯ ಜೊತೆ ಮಿನುಗುವ ದೀಪ ಬಂತು. ಪ್ರತಿ ಸೋಮವಾರ ಅರ್ಧ ಗಂಟೆ ಎಲ್ಲರಿಗೂ ಸನ್ನೆಯ ಪಾಠವೂ ಶುರುವಾಯಿತು. ಏನೇನು ಕಲಿಯಬೇಕೆಂದು ಮೇಡಂ ತಾವೇ ಪಟ್ಟಿ ಮಾಡಿದ್ದರು: ನಿಲ್ಲಿಸು, ಬೇಗ, ದಾರ, ಸೂಜಿ, ಬೆಂಕಿ, ತಪ್ಪಾಯಿತು, ಬಿಚ್ಚು, ಮತ್ತೆ ಹೊಲಿ. ಒಟ್ಟು ಇಪ್ಪತ್ನಾಲ್ಕು ಸನ್ನೆ. ಅದರಲ್ಲಿ ಒಂದಾದರೂ ಹರಟೆಗೆ ಒದಗುವಂಥದ್ದಿರಲಿಲ್ಲ. ಮೊದಲು ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಈಗ ದಿನವಿಡೀ ಮಾತಾಡಿಸುತ್ತಿದ್ದರು. ಬೇಗ, ಬೇಗ, ಬಿಚ್ಚು.

“ಮನೇಲೇ ಹೊಲಿ ಅಕ್ಕಾ,” ಎಂದಳು ತಂಗಿ. “ಕಟ್ ಮಾಡಿದ ಬಟ್ಟೆ ಅವರೇ ಕಳಿಸ್ತಾರಂತೆ. ಅಲ್ಲಿ ಒಬ್ಬಳೇ ಕೂರೋದೂ ಒಂದೇ, ಇಲ್ಲಿ ಕೂರೋದೂ ಒಂದೇ.”

ಕಾಲರ್ ಅಕ್ಕನಿಗೆ ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ನಲವತ್ತರ ಹೆಂಗಸು, ಅವರ ಜೊತೆ ಒಂದು ಸಲ ನಗಬೇಕು, ಅದಕ್ಕೇ ಹೋಗುತ್ತೇನೆ ಎಂದರೆ ಯಾರು ಒಪ್ಪುತ್ತಾರೆ? ಮನೆಯಲ್ಲೇ ಹೊಲಿಯುತ್ತೇನೆಂದು ಶನಿವಾರ ಮೇಡಂಗೆ ತಿಳಿಸುತ್ತೇನೆ ಎಂದಳು. ಹೇಳಿ ಆ ರಾತ್ರಿ ಊಟ ಬಿಟ್ಟಳು.

ಮಂಗಳವಾರ ಅವಳ ಮಿಷನ್ನಿನ ಎದುರು, ಗೋಡೆಗೆ, ಒಂದು ಕನ್ನಡಿ ಹಾಕಿದರು. ಹಿಂದಿನಿಂದ ಯಾರಾದರೂ ಬಂದು ಮುಟ್ಟಿದರೆ ಬೆಚ್ಚಿಬೀಳುತ್ತಾಳೆ, ಸೂಜಿ ಬೆರಳಿಗೆ ಹೋದೀತು ಎಂದು ಮೇಡಂ ಯೋಚಿಸಿದ್ದರು. ಕೂತವಳಿಗೆ ಇಡೀ ಕೋಣೆ ಕಂಡಿತು. ಯಾರು ಯಾರ ಕಡೆ ಬಗ್ಗುತ್ತಾರೆ, ಯಾರು ಕದ್ದು ಆಕಳಿಸುತ್ತಾರೆ, ಎಲ್ಲ. ಸಂತೆಗೆ ಬಂದ ಮಗುವಿನ ಹಾಗೆ ಅವಳು ನೋಡಿಯೇ ನೋಡಿದಳು.

ಅಷ್ಟರಲ್ಲಿ ಕಟಿಂಗ್ ಮಾಸ್ತರು ಕಾಲರಿನ ಕಟ್ಟು ತಂದಿಟ್ಟು ಹೋದರು. ಎಂದಿನಂತೆ ಒಂದು ಮೂಲೆ ಸೊಟ್ಟ. ಮಿಷನ್ ಓಡಿಸುತ್ತ, ಎಂದಿನಂತೆಯೇ, ಅವಳು ಮನಸ್ಸಿನಲ್ಲೇ ಬೈದುಕೊಂಡಳು. ಮೀಸೆಯ ಎರಡು ತುದಿಯನ್ನು ಮಾತ್ರ ಸರಿಸಮ ಕತ್ತರಿಸ್ಕೋತಾರೆ ಮಹಾರಾಯರು, ಕಾಲರಿಗೆ ಬಂದಾಗ ಕಣ್ಣಿಗೆ ಪೊರೆ!

ಕನ್ನಡಿಯಲ್ಲಿ ಹನ್ನೊಂದು ತಲೆಗಳು ಅವಳ ಬೆನ್ನಿನ ಕಡೆ ತಿರುಗಿದವು. ಕೋಣೆ ಹೊಟ್ಟೆ ಹಿಡಿದು ನಗತೊಡಗಿತು. ಮಾಸ್ತರು ಮೀಸೆ ಮುಟ್ಟಿಕೊಂಡರು. ಅದೇ ಕನ್ನಡಿಯಲ್ಲಿ, ಎಲ್ಲರಿಗಿಂತ ಮುಂದೆ, ಅವಳದೇ ಮುಖ. ತುಟಿ ಆಡುತ್ತಿತ್ತು.

ಅವಳು ಮಿಷನ್ ನಿಲ್ಲಿಸಿದಳು. ತುಟಿ ನಿಂತಿತು. ಮತ್ತೆ ಓಡಿಸಿದಳು. ಗುಂಡಿಯಮ್ಮಾ, ಬಾಯಿ ಮುಚ್ಚು, ನೊಣ ಹೋಗುತ್ತೆ ಎಂದುಕೊಂಡಳು, ಮನಸ್ಸಿನಲ್ಲೇ. ಗುಂಡಿಯಮ್ಮ ಪಟ್ಟನೆ ಬಾಯಿ ಮುಚ್ಚಿದಳು.

ಮಿಷನ್ ಓಡುವಾಗ ಮೈಯೆಲ್ಲ ನಡುಗುತ್ತದೆ. ಗಂಟಲ ನಡುಕ ಬೇರೆಯಾಗಿ ತಿಳಿಯುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅವಳು ಹನ್ನೊಂದು ವರ್ಷ ಗೋಡೆಯ ಕಡೆ ತಿರುಗಿ, ಮನಸ್ಸಿನಲ್ಲೇ ಎಂದುಕೊಂಡು, ಊರಿಗೆಲ್ಲ ಕೇಳುವಂತೆ ಮಾತಾಡಿದ್ದಳು.

ಎದ್ದು ಹೋಗಿ ಗುಂಡಿಯಮ್ಮನ ಮುಂದೆ ನಿಂತಳು. ಆ ಕೋಣೆಯಲ್ಲಿ ಬೇಕೆಂದೇ ಬಾಯಿ ತೆರೆದದ್ದು ಅದೇ ಮೊದಲು.

“ನಾನು ಮಾತಾಡ್ತೀನಾ?”

ಗುಂಡಿಯಮ್ಮ ಹೌದೆಂದು ತಲೆಯಾಡಿಸಿದಳು.

“ಯಾವಾಗಿನಿಂದ?”

“ನೀನು ಬಂದ ವಾರದಿಂದ,” ಎಂದು ಗುಂಡಿಯಮ್ಮ ತುಟಿ ಬಿಡಿಸಿ ಬಿಡಿಸಿ ಹೇಳಿದಳು.

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಲ್ಲಿಸಿಬಿಡ್ತೀಯ ಅಂತ. ನಿನ್ನ ಮಾತಿಲ್ದೆ ಇಲ್ಲಿ ಹೊತ್ತು ಹೋಗೋದು ಹೇಗೆ, ನೀನೇ ಹೇಳು.”

ಮೊದಲು ನಾಚಿಕೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಜಮಾನರ ಹೊಟ್ಟೆಯ ಬಗ್ಗೆ, ಜೇಬಿನವಳ ಗಂಡನ ಬಗ್ಗೆ ಏನೇನು ಅಂದಿದ್ದಳೋ ದೇವರೇ ಬಲ್ಲ. ನಾಚಿಕೆ ಇಳಿದ ಮೇಲೆ ಸಿಟ್ಟು ಬಂತು. ಅಡುಗೆ ಅವಳದೇ, ಅವಳಿಗೇ ತುತ್ತಿಲ್ಲ. ಏನು, ಏನು ಎಂದು ಇಷ್ಟು ವರ್ಷ ಗಲ್ಲ ಎತ್ತಿದ್ದು ತನ್ನದೇ ಮಾತಿಗಾಗಿ! ಒಬ್ಬರಿಗಾದರೂ, ಪಾಪ, ಇವಳಿಗೂ ಹೇಳೋಣ ಅನ್ನಿಸಲಿಲ್ಲವಲ್ಲ.

ಬುಧವಾರ, ಗುರುವಾರ ಅವಳು ಎರಡು ಗುಂಡುಪಿನ್ನನ್ನು ತುಟಿಯ ನಡುವೆ ಕಚ್ಚಿಕೊಂಡು ಹೊಲಿದಳು. ಕನ್ನಡಿಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಯಾರೂ ಯಾರ ಕಡೆಗೂ ಬಗ್ಗಲಿಲ್ಲ. ಮಾಸ್ತರು ಕಟ್ಟು ತಂದಿಟ್ಟು ಹೋದರು. ಅವಳು ಮೂಲೆಗಳನ್ನು ಅಳೆದಳು. ಎರಡೂ ಸರಿಯಾಗಿದ್ದವು. ನಗದ ಕೋಣೆಯನ್ನು ನೋಡುವುದಕ್ಕಿಂತ ಗೋಡೆ ನೋಡುವುದೇ ವಾಸಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಮೇಡಂ ಬಂದು ಚೀಟಿ ಬರೆದರು: ಕನ್ನಡಿ ಅನುಕೂಲವಾಗಿದೆಯಾ?

ಅವಳು ಪಿನ್ನುಗಳನ್ನು ತೆಗೆದು ಪೆಟ್ಟಿಗೆಗೆ ಹಾಕಿದಳು.

“ಕನ್ನಡಿ ಬೇಡ ಮೇಡಂ. ಮಿಷನ್ ತಿರುಗಿಸಿ.”

ಮೇಡಂ ಪಟ್ಟಿ ನೋಡಿದರು. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಅವಳ ಮುಖ ನೋಡಿದರು. ಆಮೇಲೆ ಅವರೂ ಒಂದು ತುದಿ ಹಿಡಿದರು. ಮಾಸ್ತರು, ಗುಂಡಿಯಮ್ಮ, ತೋಳಿನವಳು ಸೇರಿ ಮಿಷನ್ನನ್ನು ಎತ್ತಿ ಕೋಣೆಯ ಕಡೆಗೆ ತಿರುಗಿಸಿಟ್ಟರು. ವೈರು ಗಿಡ್ಡವಾಯಿತೆಂದು ಇಸ್ತ್ರಿಯವನು ತನ್ನ ಬಳಿ ಇದ್ದ ಉದ್ದದ್ದನ್ನು ಕೊಟ್ಟ. ಕೆಲಸವೆಲ್ಲ ಸೇರಿ ಕಾಲು ಗಂಟೆ. ಅದಕ್ಕೆ ಹನ್ನೊಂದು ವರ್ಷ ಬೇಕಾಯಿತು.

ಅವಳು ಕೂತಳು. ಹನ್ನೊಂದು ಮುಖಗಳು ಅವಳ ಎದುರಿಗಿದ್ದವು. ಒಂದು ಮಿಷನ್ನೂ ಓಡುತ್ತಿರಲಿಲ್ಲ. ಹೇಳಬೇಕೆಂದುಕೊಂಡದ್ದನ್ನು ಗಂಟಲಿಗೆ ತಂದಾಗ ಅದು ನಡುಗಿದ್ದು ಈ ಸಲ ಚೆನ್ನಾಗಿ ತಿಳಿಯಿತು. ತಗಡೋ ತಾಮ್ರವೋ, ಇರುವುದು ಇದೊಂದೇ ದನಿ.

“ಮಾಸ್ತರೇ, ಎರಡು ದಿನದಿಂದ ಕಾಲರ್ ಸರಿಯಾಗಿ ಕಟ್ ಮಾಡ್ತಿದ್ದೀರಿ. ಮೈಗೆ ಹುಷಾರಿಲ್ವಾ?”

ಮೊದಲು ಗುಂಡಿಯಮ್ಮನ ಭುಜ ಕುಲುಕಿತು. ಆಮೇಲೆ ಜೇಬಿನವಳ ಕಣ್ಣು ಕಿರಿದಾಯಿತು. ಮಾಸ್ತರ ಮೀಸೆ ಎರಡು ಕಡೆಗೂ ಎದ್ದಿತು. ನಗು ಹುಟ್ಟುವುದನ್ನು ಅವಳು ಎದುರು ಕೂತು ನೋಡಿರಲಿಲ್ಲ. ಅವಳು ತಿರುಗುವ ಹೊತ್ತಿಗೆ ಯಾವಾಗಲೂ ಅದು ಮುಗಿಯುತ್ತ ಬಂದಿರುತ್ತಿತ್ತು. ಈಗ ಅದು ಒಬ್ಬರಿಂದ ಒಬ್ಬರಿಗೆ ಹತ್ತಿ ತನ್ನ ಬಳಿಗೂ ಬಂದದ್ದನ್ನು ಕಂಡಳು. ಅವಳೂ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟಳು. ಮನೆಯಲ್ಲಿ ಹೊಲಿಯುವ ಮಾತನ್ನು ತಂಗಿ ಮರೆಯಬೇಕಾದೀತು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕತ್ತರಿಸುವ ಮೇಜಿನ ಸುತ್ತ ಕೂತರು. ಗುಂಡಿಯಮ್ಮ ತನ್ನ ಎದುರಿಗಿದ್ದವಳನ್ನು ಏಳಿಸಿ, ತುಟಿ ಕಾಣುವ ಹಾಗೆ ಕಾಲರ್ ಅಕ್ಕನನ್ನು ಅಲ್ಲಿ ಕೂರಿಸಿಕೊಂಡಳು.

“ಹಿಂದೆ ಅಂದಿದ್ದೆಲ್ಲ ಈಗ ಹೇಳಿ. ಒಂದೂ ಬಿಡಬಾರದು,” ಎಂದಳು ಕಾಲರ್ ಅಕ್ಕ.

ಒಬ್ಬೊಬ್ಬರೂ ನೆನಪು ಮಾಡಿಕೊಂಡರು. ಯಜಮಾನರ ಅಂಗಿಯ ಗುಂಡಿಗಳು ಜೀವ ಕೈಯಲ್ಲಿ ಹಿಡ್ಕೊಂಡಿವೆ ಅಂದಿದ್ದೆ ನೀನು ಎಂದಳು ತೋಳಿನವಳು. ಜೇಬಿನವಳು, ತನ್ನ ಗಂಡನ ಗೊರಕೆಗೆ ಕಾಲರ್ ಅಕ್ಕ ಇಟ್ಟ ಹೆಸರನ್ನು ಚೀಟಿಯಲ್ಲಿ ಬರೆದು ತೋರಿಸಿ, ಬೇರೆ ಯಾರೂ ಓದದಂತೆ ಮಡಚಿಟ್ಟುಕೊಂಡಳು. ಐದಾಯಿತು, ಆರಾಯಿತು. ಏಳನೆಯದಕ್ಕೆ ಎಲ್ಲರೂ ತಡಕಾಡಿದರು. ದಿನಕ್ಕೆರಡೆಂದರೂ ಸಾವಿರಾರು ಮಾತು. ಉಳಿದದ್ದು ಇಷ್ಟೇ.

“ಮೊದಲನೇ ವಾರ ಏನಂದಿದ್ದೆ?” ಎಂದು ಅವಳು ಗುಂಡಿಯಮ್ಮನನ್ನು ಕೇಳಿದಳು. “ಎಲ್ಲಕ್ಕಿಂತ ಮೊದಲು?”

ಗುಂಡಿಯಮ್ಮ ತುತ್ತನ್ನು ಕೆಳಗಿಟ್ಟಳು.

“ಮರೆತೇಹೋಯ್ತು ಕಣೆ. ನಕ್ಕಿದ್ದೊಂದು ನೆನಪಿದೆ.”

“ನೀವು ನಕ್ಕಿದ್ದು ನನಗೂ ನೆನಪಿದೆ,” ಎಂದಳು ಕಾಲರ್ ಅಕ್ಕ.