ಗಿಡ್ಡಮ್ಮನಿಗೆ ಕೇಳುತ್ತಿದ್ದ ದನಿ

ಗುಡೇಕೋಟೆಯ ಯರ್ರಿಸ್ವಾಮಿಯ ಮನೆಯಲ್ಲಿ ಆ ವಾರ ಮೂರನೇ ಸಲ ನೀರಿನ ಕೊಡ ಉರುಳಿತ್ತು. ಉರುಳಿಸಿದವಳು ಅವನ ತಂಗಿ ಗಿಡ್ಡಮ್ಮ. ಹಿಂಡಿನಲ್ಲಿ ಯಾವ ಕುರಿಗೆ ಮೈ ಸರಿಯಿಲ್ಲ ಎಂದು ದೂರದಿಂದಲೇ ಹೇಳುವ ಜಾಣೆ. ಆರು ತಿಂಗಳಿಂದ ಒಬ್ಬಳೇ ಮಾತಾಡುತ್ತಿದ್ದಳು, ನಿದ್ದೆ ಬಿಟ್ಟಿದ್ದಳು.

“ಯಾರೋ ಹೇಳ್ತಾರಂತ ಸುಳ್ಳು ಹೇಳ್ತಾಳ್ರಿ. ನೋಡಿದ್ರ ಅಲ್ಲಿ ಯಾರೂ ಇರಂಗಿಲ್ಲ. ಇನ್ನ ಕಂಬಕ್ಕ ಕಟ್ಟೋದೇ,” ಎಂದ ಯರ್ರಿಸ್ವಾಮಿ, ಮನೆಗೆ ಬಂದ ನರ್ಸ್ ದಾಕ್ಷಾಯಣಮ್ಮನಿಗೆ.

ದಾಕ್ಷಾಯಣಮ್ಮ ಗಿಡ್ಡಮ್ಮನ ಪಕ್ಕ ಕುಳಿತರು. “ಯವ್ವಾ, ಕೊಡ ಯಾಕ ಉರುಳಿಸಿದಿ?”

“ನೀರಾಗ ವಿಷ ಹಾಕ್ಯಾರಂತ ದನಿ ಹೇಳತೈತ್ರಿ. ಅಣ್ಣನ ಮಕ್ಕಳು ಕುಡಿದ್ರ ಸಾಯ್ತಾವ. ಅಣ್ಣ ನನ್ನ ಹೊಡೆದ್ರೂ ಹೊಡೀಲಿ, ಅವು ಉಳೀಬೇಕು.”

ಯರ್ರಿಸ್ವಾಮಿ ಹೊಡೆದದ್ದು ನಿಜ.

“ನಿದ್ದಿಗಾದ್ರೂ ಔಷಧ ಕೇಳೋಣ,” ಎಂದು ದಾಕ್ಷಾಯಣಮ್ಮ ಇಬ್ಬರನ್ನೂ ಒಪ್ಪಿಸಿದರು. ಮರುದಿನ ಅಣ್ಣ ತಂಗಿ ಬಳ್ಳಾರಿಯ ಮನೋವೈದ್ಯರ ಮುಂದೆ ಕುಳಿತಿದ್ದರು. ಅವರು ಗಿಡ್ಡಮ್ಮನ ಜೊತೆ ಬಹಳ ಹೊತ್ತು ಮಾತಾಡಿ, ಇದು ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ ಎಂದರು.

“ಹಂಗಾರ ಆಕಿ ಹೇಳಿದ್ದು ಸುಳ್ಳಲ್ಲೇನ್ರಿ?”

“ಸುಳ್ಳಲ್ಲಪ್ಪ. ನನ್ನ ಮಾತು ಕೇಳುವಾಗ ನಿನ್ನ ಮೆದುಳಿನ ಒಂದು ಭಾಗ ಚುರುಕಾಗಿ ಕೆಲಸ ಮಾಡತೈತಿ. ಇಂಥ ದನಿ ಕೇಳುವವರ ಮೆದುಳಿನ ಚಿತ್ರ ತೆಗೆದು ನೋಡ್ಯಾರ. ಎದುರಿಗೆ ಯಾರೂ ಮಾತಾಡದಿದ್ರೂ, ಮಾತು ಕೇಳೋ ಭಾಗ ತಾನಾಗೇ ಚುರುಕಾಗಿರತೈತಿ. ಹಂಗಾಗಿ ಅವರಿಗೆ ಖರೇನ ಕೇಳಸ್ತೈತಿ. ದೆವ್ವ ಅಲ್ಲ, ನಾಟಕಾನೂ ಅಲ್ಲ.”

“ನನ್ನ ತಂಗೀದೂ ಚಿತ್ರ ತೆಗೀರಿ.”

“ಅದು ಸಂಶೋಧನೆಗೆ ಬೇಕಾಗೋದು. ನಮಗ ಆಕಿ ಹೇಳಿದ್ದನ್ನ ಕೇಳಿದ್ರ ಗೊತ್ತಾಗತೈತಿ. ಗುಳಿಗಿ ಮಾತ್ರ ತಪ್ಪಿಸಬ್ಯಾಡ್ರಿ.”

ಬಸ್ಸಿನಲ್ಲಿ ಯರ್ರಿಸ್ವಾಮಿ ತಂಗಿಯನ್ನೇ ನೋಡುತ್ತ ಕುಳಿತ. ಕಿವಿಯಲ್ಲಿ ಅಷ್ಟು ಗದ್ದಲ ಇಟ್ಟುಕೊಂಡು ಇವಳು ದಿನವೂ ಕುರಿ ಮೇಯಿಸಲು ಗುಡ್ಡ ಹತ್ತಿದ್ದಳು. ಆರು ತಿಂಗಳಲ್ಲಿ ಒಂದು ಮರಿಯೂ ಕಳೆದಿರಲಿಲ್ಲ. ತನಗಾಗಿದ್ದರೆ ಒಂದು ದಿನ ತಡೆಯುತ್ತಿದ್ದೆನೇ ಎಂದುಕೊಂಡ. “ತಪ್ಪಾತು ತಂಗಿ,” ಎಂದ.

ಮೊದಮೊದಲು ಗುಳಿಗೆಗೆ ತೂಕಡಿಕೆ ಬರುತ್ತಿತ್ತು. ವೈದ್ಯರಿಗೆ ಹೇಳಿ ಬದಲಿಸಿಕೊಂಡರು. ಎರಡು ತಿಂಗಳಿಗೆ ನಿದ್ದೆ ಬಂತು, ದನಿ ಸಣ್ಣದಾಗುತ್ತಾ ನಿಂತುಹೋಯಿತು. ವರ್ಷದ ಮೇಲೆ, ಗುಣವಾಯಿತೆಂದು ಗಿಡ್ಡಮ್ಮ ತಾನೇ ಗುಳಿಗೆ ಬಿಟ್ಟಳು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಣ್ಣನ ಎದುರು ಬಂದು ನಿಂತಳು.

“ಅಣ್ಣಾ, ಮತ್ತ ದನಿ ಶುರುವಾಗೈತಿ. ನಿನ್ನ ನಂಬಬ್ಯಾಡ ಅಂತೈತಿ. ಆದ್ರ ನಾ ನಿನ್ನೇ ನಂಬ್ತೀನಿ. ಬಳ್ಳಾರಿಗಿ ನಡಿ.”

ಅಂದೇ ಬಳ್ಳಾರಿಗೆ ಹೋಗಿ ಗುಳಿಗೆ ಮತ್ತೆ ಶುರು ಮಾಡಿದರು. ಅಂಥ ಗಟ್ಟಿಗಿತ್ತಿ ತನ್ನ ತಂಗಿ ಎಂದು ಯರ್ರಿಸ್ವಾಮಿ ಈಗ ಊರಿಗೆಲ್ಲ ಹೇಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಇಂಥವರೊಬ್ಬರು ಇರಬಹುದು. ಬೈಯಬೇಡಿ, ಹೊಡೆಯಬೇಡಿ, ಕಟ್ಟಬೇಡಿ. ಪಕ್ಕದಲ್ಲಿ ಕುಳಿತು ಅವರ ಮಾತು ಕೇಳಿ, ವೈದ್ಯರ ಬಳಿ ಕರೆದುಕೊಂಡು ಹೋಗಿ. ವೈದ್ಯರು ಸಾಕು ಎನ್ನುವವರೆಗೆ ಔಷಧ ನಿಲ್ಲಿಸಬೇಡಿ. ಇಂಥವರು ಒಳಗೇ ಎಷ್ಟು ದೊಡ್ಡ ಹೋರಾಟ ಮಾಡುತ್ತಿದ್ದಾರೋ ನಮಗೆ ಕಾಣುವುದಿಲ್ಲ. ಆ ಹೋರಾಟದಲ್ಲಿ ಅವರ ಕಡೆ ನಿಲ್ಲಿ.